ನೀಲಿ ಸೀರೆಯ ಕೋಳಿ

ಶುದ್ಧ ಸಸ್ಯಾಹಾರಿಗಳಾದ ನಮ್ಮ ಮನೆಯ ಊಟದ ಮೇಜಿನ ಮೇಲೆ ಹೋದ ಚಳಿಗಾಲದಲ್ಲಿ ಒಂದು ಕೋಳಿ ಬಂದು ನೆಲೆಸಿತು ಎಂದರೆ ನೀವು ಹುಬ್ಬೇರಿಸಬಹುದು. ಗಾಬರಿ ಬೇಡ, ಅದು ನನ್ನ ಮಗಳು ಸಿಂಧುವಿನ ಲ್ಯಾಪ್‌ಟಾಪಿನೊಳಗಿನ ಕೋಳಿ. ಸೀರೆಯುಟ್ಟು, ಕೈಚೀಲ ಹಿಡಿದು, ಸೊಂಟ ಕುಣಿಸುತ್ತ ಸಂತೆಗೆ ಹೊರಟ ಠೀವಿಯ ಕೋಳಿ. ಬ್ಯಾಂಕಿನ ನೌಕರಿ ನನ್ನನ್ನು ಧಾರವಾಡದಿಂದ ಎಬ್ಬಿಸಿ, ಸೂರತ್, ಅಹಮದಾಬಾದ್ ಎಂದು ಅಲೆಸಿ, ಕೊನೆಗೆ ವಡೋದರೆಯ ಫತೇಗಂಜಿನಲ್ಲಿ ಕೂರಿಸಿದೆ. ಈ ಅಲೆದಾಟದಲ್ಲೇ ಬೆಳೆದ ಸಿಂಧು ಈಗ ಅನಿಮೇಷನ್ ಓದುತ್ತಿದ್ದಾಳೆ.

ಅವಳ ವಿದ್ಯೆಯಲ್ಲಿ ನನಗೆ ಹಿಡಿಸಿದ್ದು ಒಂದು ಸಂಗತಿ. ನಡಿಗೆಯನ್ನು ಒಮ್ಮೆ ಕಲಿಸಿಟ್ಟರಾಯಿತು, ಬಣ್ಣವನ್ನು ಬೇಕೆಂದಾಗ ಬದಲಿಸಬಹುದು. ಕೋಳಿ ಕೆಂಪಾದರೂ ಮಬ್ಬಾದರೂ ಹೆಜ್ಜೆ ತಪ್ಪುವುದಿಲ್ಲ. ವರ್ಗಾವಣೆಯ ಜೀವಿಗಳಾದ ನಮ್ಮ ಬಾಳೂ ಹಾಗೆಯೇ ಅಲ್ಲವೇ? ಸಾರಿಗೆ ಬೆಲ್ಲ ಹೆಚ್ಚಾಯಿತು, ಮಾತಿಗೆ ಗುಜರಾತಿ ಬೆರೆಯಿತು, ನಡಿಗೆ ಮಾತ್ರ ಧಾರವಾಡದ್ದೇ ಉಳಿಯಿತು.

ಒಂದು ಭಾನುವಾರ ಸಿಂಧು ಕೋಳಿಗೆ ಕಡುನೀಲಿ ಸೀರೆ ಉಡಿಸಿ ಅಜ್ಜಿಯನ್ನು, ಅಂದರೆ ನನ್ನ ಅವ್ವನನ್ನು, ಕರೆದಳು.

ಅವ್ವ ಮೂಗು ಮುರಿದಳು. "ಇದೇನವಾ ರಾಡಿ ಬಣ್ಣದ ಸೀರಿ? ಒಂದು ಚೊಲೋ ನೀಲಿ ಹಾಕಬಾರದೇನು?"

"ಅಜ್ಜಿ, ಇದು ಬ್ಲೂನೇ ಹೈ ನಾ!"

"ನನಗ ಬಣ್ಣಾ ಕಲಿಸಾಕ ಬರಬ್ಯಾಡ."

ನಾನು ನಕ್ಕೆ. ಸಿಂಧು ನಗಲಿಲ್ಲ. ಕೋಳಿಯ ಪಕ್ಕದಲ್ಲಿ ಅಂಥದೇ ಇನ್ನೊಂದನ್ನು ನಿಲ್ಲಿಸಿ, ಅದರ ಮೇಲೆ ತೆಳುವಾಗಿ ಕಂದುಹಳದಿಯ ಛಾಯೆ ಹೊದಿಸಿದಳು. "ಎರಡರಲ್ಲಿ ಏನು ಫರಕ್, ಅಜ್ಜಿ?"

"ಏನ ಫರಕ? ಅವಳಿ ಇದ್ದಂಗ ಅದಾವ."

ಸಿಂಧು ಛಾಯೆಯನ್ನು ಗಾಢಗೊಳಿಸುತ್ತ ಹೋದಳು. ಆ ಕೋಳಿ ಪೂರ್ತಿ ಚಹಾದಲ್ಲಿ ಅದ್ದಿದಂತಾದಾಗಷ್ಟೇ ಅವ್ವ, "ಈಗ ಸ್ವಲ್ಪ ಬ್ಯಾರೆ ಕಾಣ್ತದ" ಎಂದಳು. ನನ್ನ ನಗು ಅಲ್ಲಿಗೆ ನಿಂತಿತು.

ಅವ್ವನ ಎರಡೂ ಕಣ್ಣಿಗೆ ಪೊರೆ ಬಂದಿದೆ, ಅದು ಬಣ್ಣಗಳನ್ನೂ ಕಂದಾಗಿಸುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಆಪರೇಷನ್ನಿಗೆ ಅವ್ವ ಒಪ್ಪಿರಲಿಲ್ಲ. ಅವಳ ಸೋದರತ್ತೆ ಹಿಂದೆ ಇಂಥದೇ ಆಪರೇಷನ್ ಆದಮೇಲೆ ಕಣ್ಣು ಕಳೆದುಕೊಂಡಿದ್ದರು. ಆ ಭಯದ ಮುಂದೆ ನನ್ನ ವಾದಗಳೆಲ್ಲ ಸೋತಿದ್ದವು. ಸಿಂಧು ವಾದಿಸಲಿಲ್ಲ. ಅಜ್ಜಿಯ ಕೈಯನ್ನು ತನ್ನ ಮಡಿಲಲ್ಲಿಟ್ಟುಕೊಂಡು, "ನನ್ನ ಪಿಕ್ಚರ್ ನೀನು ಬರೋಬರ್ ನೋಡಬೇಕು ಅಜ್ಜಿ. ಡಾಕ್ಟರ್ ಹತ್ರ ನಾನೂ ಸಾಥ್ ಬರ್ತೀನಿ" ಎಂದಳು.

ಅವ್ವ ತೆರೆಯ ಮೇಲಿನ ಕೋಳಿಯನ್ನು ದಿಟ್ಟಿಸಿದಳು. ಆಮೇಲೆ ನಿಟ್ಟುಸಿರು ಬಿಟ್ಟು, "ಬಾಗಲಾ ತನಕ ಬಾ, ಸಾಕು. ಒಳಗ ನಾನ ಹೋಗ್ತೀನಿ" ಎಂದಳು.

ಹಾಗೆಯೇ ಹೋದಳು, ಹಾಗೆಯೇ ಬಂದಳು. ಒಂದು ಕಣ್ಣಿನ ಆಪರೇಷನ್ ಆಗಿ, ಪಟ್ಟಿ ಬಿಚ್ಚಿಸಿಕೊಂಡು ಮನೆಗೆ ಬಂದವಳು ನೀರೂ ಕೇಳದೆ ಲ್ಯಾಪ್‌ಟಾಪಿನ ಮುಂದೆ ಕೂತಳು. ಒಂದು ಕಣ್ಣು ಮುಚ್ಚಿದಳು. ಅದನ್ನು ತೆರೆದು ಇನ್ನೊಂದನ್ನು ಮುಚ್ಚಿದಳು.

"ಈ ಕಣ್ಣಾಗ ರಾಡಿ, ಈ ಕಣ್ಣಾಗ ನೀಲಿ! ಅಯ್ಯ, ಎಂಥಾ ನೀಲಿ ಅದ ಸಿಂಧೂ!" ಎಂದು ಕೂಗಿದಳು. ಉಳಿದ ಕಣ್ಣಿಗೂ ಬೇಗ ಆಪರೇಷನ್ ಮಾಡಿಸಿರೆಂದು ಅವಳೇ ಅವಸರಪಡಿಸತೊಡಗಿದಳು. ಅಜ್ಜಿ ಮೊಮ್ಮಗಳು ಒಬ್ಬರನ್ನೊಬ್ಬರು ತಬ್ಬಿ ನಕ್ಕಿದ್ದೇ ನಕ್ಕಿದ್ದು.

ಆಮೇಲೆ ಅವ್ವ ನನ್ನ ಕಡೆ ತಿರುಗಿದಳು. ಹೊಸ ಕಣ್ಣಿನಿಂದ ಅಡಿಯಿಂದ ಮುಡಿಯವರೆಗೆ ನೋಡಿದಳು.

"ನಿನ್ನ ತಲಿ ಯಾವಾಗ ಇಷ್ಟು ಬೆಳ್ಳಗಾತೋ, ನನ ಮಗನ?"

ಅವಳ ಮುಂದೆ ಬಾಗಿ ನಿಂತೆ. ಅವ್ವ ಕೂದಲಲ್ಲಿ ಕೈಯಾಡಿಸುತ್ತಿದ್ದಳು. ನಿವೃತ್ತಿಯ ಹೊಸ್ತಿಲಲ್ಲಿರುವ ನನಗೆ ತಲೆ ಎತ್ತುವ ಮನಸ್ಸೇ ಆಗಲಿಲ್ಲ.