ವಿನೋದಿನಿ ಕಂಡ ಮದುವೆ

ಸಿನಿಮಾ ಹೇಗೇ ಮುಗಿಯಲಿ, ವಿನೋದಿನಿ ಅದಕ್ಕೊಂದು ಮದುವೆ ಮಾಡಿಸದೆ ಬಿಡುತ್ತಿರಲಿಲ್ಲ. ಮೈಸೂರಿನ ದಿನಗಳಿಂದಲೂ ಅಂಟಿಕೊಂಡ ಚಟ. ನಾಯಕ ಸತ್ತರೆ, ಡೈರೆಕ್ಟರಿಗೆ ಬುದ್ಧಿಯಿಲ್ಲ, ಅವನು ಎದ್ದು ಬರುವ ಮೊದಲೇ ಪರದೆ ಎಳೆದ ಎನ್ನುವಳು. ಗಂಡ ಮಹಾದೇವ ನಗುತ್ತಿದ್ದ: "ಆಯ್ತು ಕಣೇ, ನಿನ್ ಲೆಕ್ಕದಲ್ಲಿ ಯಾರೂ ಸಾಯಲ್ಲ ಬಿಡು."

ಆ ಮಹಾದೇವನೇ ಕೊರೋನಾದ ಎರಡನೇ ಅಲೆಯಲ್ಲಿ ಮೈಸೂರಿನಲ್ಲಿ ತೀರಿಕೊಂಡ. ಪರದೇಶದ ಬ್ಯೂಮಾಂಟ್ ಆಸ್ಪತ್ರೆಯಲ್ಲಿ ನರ್ಸಾಗಿದ್ದ ವಿನೋದಿನಿ ದಹನವನ್ನು ಫೋನಿನಲ್ಲಿ ನೋಡಿದಳು. ಪ್ಲಾಸ್ಟಿಕ್ ಸುತ್ತಿ ಕಳಿಸಿದ್ದರು, ಮುಖವೇ ಕಾಣಲಿಲ್ಲ. ಮುಖ ಕಾಣದೆ ನಂಬುವುದು ಹೇಗೆ? ವಾರ್ಡಿನಲ್ಲಿ ಯಾರು ವಿಚಾರಿಸಿದರೂ, ಚೆನ್ನಾಗಿದ್ದೇನೆ ಎನ್ನಲು ಅಲ್ಲಿಯವರು ಹೇಳುವಂತೆ, "ಗ್ರ್ಯಾಂಡ್" ಎಂದಳು. ಅಳಲಿಲ್ಲ. ವೀಸಾ ಸಿಕ್ಕಿ ಅವನು ಬಂದಿಳಿದಾಗ ಬೇಕಾಗುತ್ತದೆಂದು ಕೊಂಡಿದ್ದ ದಪ್ಪ ಕೋಟು ಬಾಗಿಲ ಹಿಂದೆ ನೇತಾಡುತ್ತಲೇ ಇತ್ತು. ಯಾರೂ ಅದನ್ನು ಮುಟ್ಟುವಂತಿರಲಿಲ್ಲ.

ಮನೆಯ ಇನ್ನೊಂದು ರೂಮಿನಲ್ಲಿದ್ದವಳು ಶ್ರೀಲಂಕಾದ ನರ್ಸ್ ನಿಲ್ಮಿಣಿ. ಒಂದು ಭಾನುವಾರ, ಗೆಳತಿಯ ಮನಸ್ಸು ಹಗುರಾಗಲೆಂದು ಲ್ಯಾಪ್‌ಟಾಪಿನಲ್ಲಿ ತನ್ನ ಭಾಷೆಯ ಸಿನಿಮಾ ಹಾಕಿದಳು. ಆರಿಸಿದ್ದೂ ಎಂಥದ್ದನ್ನು! ಸತ್ತ ಪ್ರಿಯಕರ ದಿನಾ ಸಂಜೆ ಹುಡುಗಿಯ ಮನೆಗೆ ಬಂದು ಹೋಗುವ ಕಥೆ. ಕೊನೆಯಲ್ಲಿ ಹುಡುಗಿ ಬಿಳಿ ಸೀರೆಯುಟ್ಟು ಕೂರುತ್ತಾಳೆ. ಮನೆಯವರೆಲ್ಲ ಒಟ್ಟಿಗೆ ಕೈ ಸೇರಿಸಿ ಹೂಜಿಯಿಂದ ಬಟ್ಟಲಿಗೆ ನೀರು ಸುರಿಯುತ್ತಾರೆ. ಬಟ್ಟಲು ತುಂಬಿ ಚೆಲ್ಲುತ್ತದೆ. ಬಾಗಿಲಲ್ಲಿ ನಿಂತ ಅವನು ನಗುತ್ತಾನೆ.

ವಿನೋದಿನಿಯ ಮುಖ ಅರಳಿತು. ಇದು ಧಾರೆ ಎರೆದದ್ದು, ನಮ್ಮಲ್ಲೂ ಹೀಗೆ ನೀರು ಬಿಟ್ಟೇ ಮದುವೆ, ನನಗೂ ಬಿಳಿ ಸೀರೆಯೇ ಉಡಿಸಿದ್ದರು ಎಂದು ಇಂಗ್ಲಿಷಿನಲ್ಲಿ ಒಂದೇ ಉಸಿರಿಗೆ ವಿವರಿಸಿದಳು. ಸತ್ತವನೂ ತಿರುಗಿ ಬಂದು ಮದುವೆಯಾದ, ಕಂಡೆಯಾ?

ನಿಲ್ಮಿಣಿ ಹೂಂ ಎಂದುಬಿಡಬಹುದಿತ್ತು. ಆದರೆ ಬಾಗಿಲ ಹಿಂದಿನ ಕೋಟು ಕಣ್ಣಿಗೆ ಬಿತ್ತು. ಮದುವೆಯಲ್ಲಿ ನಾವು ಬೆರಳ ಮೇಲೆ ನೀರು ಬಿಡುತ್ತೇವೆ, ಬಟ್ಟಲಿಗೆ ಬಿಡುವುದು ಸತ್ತವರಿಗೆ ಎಂದಳು ಮೆಲ್ಲಗೆ. ನಮ್ಮ ಪುಣ್ಯವನ್ನು ಕೊಟ್ಟು ಕಳಿಸುವುದು. ಅವನು ನಕ್ಕಿದ್ದು ಬಿಡುಗಡೆಯಾಯಿತೆಂದು.

"ನಿಮ್ಮ ಸಿನಿಮಾ ನಿಮಗೇ ಅರ್ಥವಾಗಿಲ್ಲ" ಎಂದು ರೇಗಿ ವಿನೋದಿನಿ ಬಾಗಿಲು ಹಾಕಿಕೊಂಡಳು. ಊಟಕ್ಕೂ ಬರಲಿಲ್ಲ.

ಬೆಳಿಗ್ಗೆ ಅವಳೇ ಅಡುಗೆಮನೆಗೆ ಬಂದಳು, ಕೈಯಲ್ಲಿ ತಾಮ್ರದ ಚೊಂಬು, ಒಂದು ಬಟ್ಟಲು. ಒಬ್ಬಳ ಕೈಲಿ ಆಗುವುದಿಲ್ಲ, ನೀನೂ ಹಿಡಿ ಎಂದಳು. ಇಬ್ಬರೂ ನೆಲದ ಮೇಲೆ ಕೂತು ನೀರು ಬಿಟ್ಟರು. ಅಂಚಿಗೆ ಬಂದಾಗ ವಿನೋದಿನಿಯ ಕೈ ನಿಂತಿತು. ಚೆಲ್ಲಿದರೆ ಅವನು ಹೋಗಿಬಿಡುತ್ತಾನೆ. ನಿಲ್ಮಿಣಿ ಅವಸರ ಮಾಡಲಿಲ್ಲ, ಕೈಯನ್ನೂ ತೆಗೆಯಲಿಲ್ಲ. ಕೊನೆಗೆ ಚೊಂಬು ಬಾಗಿತು, ನೀರು ಚೆಲ್ಲಿ ನೆಲಕ್ಕೆ ಹರಿಯಿತು.

ಮದುವೆಯಾದಂದಿನಿಂದ ಅವನು ಹೊಸ್ತಿಲು ದಾಟಿದಾಗಲೆಲ್ಲ "ಹೋಗ್ಬನ್ನಿ" ಎಂದವಳು, ಅಂದು "ಹೋಗಿ" ಎಂದಷ್ಟೇ ಹೇಳಿ ಗೊಳೋ ಎಂದು ಅತ್ತಳು.