ಗಾಡಿ ತುಂಬುವ ತನಕ

"ಎಷ್ಟ ಮಂದಿ ಆಗ್ಯಾರ್ರಿ ಮೇಡಂ?"

ಈ ಸಲದ ಪ್ರವೇಶದ ದಿನಗಳಲ್ಲಿ ನನ್ನ ಫೋನಿಗೆ ಬಂದ ಪ್ರಶ್ನೆ ಇದೊಂದೇ. ಏನು ಕಲಿಸುತ್ತೀರಿ, ಯಾರು ಕಲಿಸುತ್ತಾರೆ, ಕಲಿತವರು ಮುಂದೇನು ಮಾಡಬಹುದು, ಉಹುಂ, ಯಾರೂ ಕೇಳಲಿಲ್ಲ. ಆಳಂದದಿಂದ ಒಬ್ಬ ತಂದೆ, ಅಫಜಲಪುರದಿಂದ ಒಬ್ಬ ಸೋದರಮಾವ, ಜೇವರ್ಗಿಯಿಂದ ಒಬ್ಬ ಅಣ್ಣ, ಎಲ್ಲರದೂ ಒಂದೇ ರಾಗ. "ಒಬ್ಬಾಕಿ ಸೇರ್ಯಾಳ್ರಿ" ಅಂದರೆ ಆ ಕಡೆಯಿಂದ, "ಹಂಗಾರ ನಾಕು ಮಂದಿ ಆಗ್ಲಿರಿ, ನಾವೂ ಬರ್ತೀವಿ." ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ ಅಂತಾರಲ್ಲ, ಹಾಗೆ. ಫೋನ್ ಇಟ್ಟು ಗೋಡೆ ನೋಡುತ್ತಾ ಕೂಡುತ್ತಿದ್ದೆ. ಸಾಕಾಗಿತ್ತು, ನಿಜವಾಗಿಯೂ ಸಾಕಾಗಿತ್ತು.

ನಾನು ಜೇವರ್ಗಿ ಊರಾಚೆಯ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಕೃತಕ ಬುದ್ಧಿಮತ್ತೆ ಮತ್ತು ಸಂಕೀರ್ಣ ವ್ಯವಸ್ಥೆಗಳು ಎಂಬ ಎರಡು ವರ್ಷದ ಎಂ.ಎಸ್ಸಿ. ಕೋರ್ಸಿಗೆ ಅನುಮತಿ ತರಲು ಎಷ್ಟು ಕಚೇರಿಗಳ ಮೆಟ್ಟಿಲು ಹತ್ತಿದೆನೋ ಆ ಶಿವನಿಗೇ ಗೊತ್ತು. ಷರತ್ತು ಒಂದೇ: ಕೊನೆಯ ದಿನದೊಳಗೆ ಹತ್ತು ಮಂದಿ ಸೇರಬೇಕು. ಸೇರದಿದ್ದರೆ ಕೋರ್ಸು ರದ್ದು, ಮತ್ತೆ ಕೇಳುವ ಹಾಗೂ ಇಲ್ಲ. ಸಂಕೀರ್ಣ ವ್ಯವಸ್ಥೆ ಅಂದರೆ ಹೆದರಬೇಕಾಗಿಲ್ಲ. ಒಬ್ಬೊಬ್ಬರೂ ಜಾಣರೇ ಇರುತ್ತಾರೆ, ಎಲ್ಲರೂ ಸೇರಿದಾಗ ಕೆಲಸ ಕೆಡುತ್ತದೆ. ಅದು ಯಾಕೆ ಹಾಗೆ ಎಂದು ಲೆಕ್ಕ ಹಾಕುವುದು ನನ್ನ ಉದ್ಯೋಗ. ಲೆಕ್ಕ ಹಾಕುತ್ತಾ ಹಾಕುತ್ತಾ ತಲೆ ಬೆಳ್ಳಗಾಯಿತು.

ಈ ಹುಚ್ಚು ಹತ್ತಿದ್ದು ಆಳಂದದ ಸ್ಟ್ಯಾಂಡಿನಲ್ಲಿ. ನಮ್ಮೂರು ನಿಂಬರ್ಗಾ. ನಾನು ಡಿಗ್ರಿ ಓದುತ್ತಿದ್ದಾಗ, ಸಂಜೆ ಕಾಲೇಜು ಮುಗಿಸಿಕೊಂಡು ಊರಿಗೆ ಹೋಗಲು ಬಸ್ಸು ತಪ್ಪಿದರೆ ಟಂಟಂ. ಮೂರು ಗಾಲಿಯ ಆ ಗಾಡಿ ತುಂಬಿದ ಮೇಲೇ ಹೊರಡುವುದು. ಖಾಲಿ ಗಾಡಿಯಲ್ಲಿ ಮೊದಲು ಕೂತವರು ಬಿಸಿಲಲ್ಲಿ ಬೇಯಬೇಕು, ಹಾಗಾಗಿ ಎಲ್ಲರೂ ಚಹಾದಂಗಡಿಯ ನೆರಳಲ್ಲಿ ನಿಂತು, ಇನ್ಯಾರಾದರೂ ಹತ್ತಲಿ ಎಂದು ಕಾಯುತ್ತಿದ್ದರು. ನಿಂಬರ್ಗಾಕ್ಕೆ ಹೋಗುವವರು ಒಂದು ಗಾಡಿ ತುಂಬಿ ಮಿಕ್ಕುವಷ್ಟು ಮಂದಿ ಅಲ್ಲೇ ಇರುತ್ತಿದ್ದರು, ಗಾಡಿ ಮಾತ್ರ ಖಾಲಿ. ಡ್ರೈವರ್ ನನ್ನನ್ನು ನೋಡಿದ ಕೂಡಲೇ, "ಬರ್ರಿ ಅಕ್ಕೋರೆ, ಮುಂದ ಕುಂದರ್ರಿ, ಹೊಂಟೇಬಿಟ್ಟೀವಿ" ಅನ್ನುತ್ತಿದ್ದ. ಹೊರಡುವುದೆಲ್ಲಿ ಬಂತು! ಹೆಣ್ಣುಮಗಳು ಕೂತಿದ್ದು ಕಂಡರೆ ಸಂಸಾರಸ್ಥರು ಧೈರ್ಯವಾಗಿ ಹತ್ತುತ್ತಾರೆ, ಅವರನ್ನು ಕಂಡು ಉಳಿದವರು. ಕೆಲವೊಮ್ಮೆ ಯಾರೂ ಸಿಗದಿದ್ದರೆ ತನ್ನ ಗೆಳೆಯರನ್ನೇ ಕೂಡಿಸಿ, ನಿಜವಾದ ಮಂದಿ ಬಂದ ಮೇಲೆ ಮೆಲ್ಲಗೆ ಇಳಿಸುತ್ತಿದ್ದ.

ಮುಂದೆ ಪಿಎಚ್.ಡಿ.ಗೆ ನಾನು ಇದನ್ನೇ ಕಂಪ್ಯೂಟರಿನೊಳಗೆ ಕಟ್ಟಿದೆ. ಸಾವಿರಾರು ಕೃತಕ ಪ್ರಯಾಣಿಕರು, ಪ್ರತಿಯೊಬ್ಬರಿಗೂ ಒಂದು ಪುಟ್ಟ ಬುದ್ಧಿ: ಇಷ್ಟು ಮಂದಿ ಕೂತರೆ ನಾನೂ ಕೂಡುತ್ತೇನೆ. ಮೊದಲು ಎರಡೋ ಮೂರೋ ಜನರನ್ನು ಸುಳ್ಳಾಗಿ ಕೂಡಿಸಿದರೂ ಸಾಕು, ಇಡೀ ಗಾಡಿ ತುಂಬುತ್ತದೆ ಎಂದು ಸಾಧಿಸಿ ತೋರಿಸಿದೆ. ದೂರದ ದೇಶಗಳ ಸಭೆಗಳಲ್ಲಿ ಟಂಟಂ ಚಿತ್ರ ತೋರಿಸಿ ಚಪ್ಪಾಳೆ ಗಿಟ್ಟಿಸಿದೆ. ಆಮೇಲೆ ಅದರ ಮೇಲೊಂದು, ಅದರ ಮೇಲೆ ಇನ್ನೊಂದು ಪ್ರಬಂಧ. ಪ್ರಯಾಣಿಕರ ಬುದ್ಧಿ ಹೆಚ್ಚಾಯಿತು, ನನ್ನ ಉತ್ಸಾಹ ಕಡಿಮೆಯಾಯಿತು. ಕೊನೆಗೆ ಬೇಕಾಗಿದ್ದು ಒಬ್ಬ ವಿದ್ಯಾರ್ಥಿ ಮಾತ್ರ, ಹೇಳಿದ್ದನ್ನು ಸುಮ್ಮನೆ ಬರೆದುಕೊಳ್ಳದೆ ತಿರುಗಿಸಿ ಪ್ರಶ್ನೆ ಕೇಳುವಂಥ ವಿದ್ಯಾರ್ಥಿ.

ಅಂಥವಳು ಸಿಕ್ಕಿದ್ದು ಅಫಜಲಪುರದಲ್ಲಿ. ಹೋದ ವರ್ಷ ಅಲ್ಲಿನ ಪದವಿ ಕಾಲೇಜಿನಲ್ಲಿ ಇದೇ ಟಂಟಂ ಪುರಾಣ ಹೇಳಿದ್ದೆ. ಸಭೆ ಆಕಳಿಸುತ್ತಿತ್ತು. ಹಿಂದಿನ ಸಾಲಿನಿಂದ ಒಬ್ಬಳು ಎದ್ದಳು. ಸೊನ್ನ ಎಂಬ ಊರಿನ ಹುಡುಗಿ, ಅಪ್ಪನದು ಮೋಟಾರು ರಿಪೇರಿ ಅಂಗಡಿ, ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ. "ಮೇಡಂರೀ, ಎಲ್ಲಾರೂ ಹತ್ತೋದಷ್ಟೇ ಹೇಳಿದ್ರಿ. ಮೊದಲ ಕುಂತಾಕಿನೇ ಬ್ಯಾಸತ್ತು ಇಳದ ಹೋದ್ರ?"

ನನ್ನ ಕೃತಕ ಪ್ರಯಾಣಿಕರು ಹತ್ತುತ್ತಿದ್ದರು, ಇಳಿಯುತ್ತಿರಲಿಲ್ಲ. ಇಳಿಯುವ ಬುದ್ಧಿಯನ್ನೇ ನಾನು ಕೊಟ್ಟಿರಲಿಲ್ಲ. ಇಷ್ಟು ವರ್ಷ ಯಾವ ಪಂಡಿತನೂ ಅದನ್ನು ಕೇಳಿರಲಿಲ್ಲ. "ಬಾ, ನಮ್ಮಲ್ಲಿ ಸೇರು, ಇಬ್ಬರೂ ಕೂಡಿ ಲೆಕ್ಕ ಹಾಕೋಣ" ಅಂದೆ. ಆ ದಿನ ಜೇವರ್ಗಿಗೆ ವಾಪಸು ಬರುವಾಗ ನನಗೆ ನಿಜವಾಗಿ ಸಂತೋಷವಾಗಿತ್ತು.

ಪ್ರವೇಶ ಶುರುವಾದ ದಿನವೇ ಬಂದು ಸೇರಿದಳು. ಕಲಬುರಗಿಯ ಒಂದು ಕಾಲೇಜಿನಲ್ಲಿ ಎಂಸಿಎ ಸೀಟು ಸಿಕ್ಕಿತ್ತು, ಅದನ್ನು ಬದಿಗಿಟ್ಟು. "ಕಿಟಕಿ ಸೀಟು ನಂದೇರಿ" ಎಂದು ನಕ್ಕಳು. ಮನೆಯಲ್ಲಿ ಮದುವೆಯ ಮಾತು ನಡೆದಿತ್ತು. "ಓದಾಕತ್ತಿದ್ರ ಓದು, ಒಂದು ವರ್ಷ ಸುಮ್ಮ ಮನಿಯಾಗ ಕುಂತ್ರ ನಿಕಾಹ್" ಎಂದು ಅವಳಪ್ಪ ಹೇಳಿಬಿಟ್ಟಿದ್ದನಂತೆ. ಅದನ್ನೂ ನಗುತ್ತಲೇ ಹೇಳಿದಳು. ನಾನು ನಗಲಿಲ್ಲ.

ಅವಳ ನಂತರ ಯಾರೂ ಬರಲಿಲ್ಲ. ಫೋನುಗಳು ಮಾತ್ರ ಬಂದವು. ಒಂದು ಮಧ್ಯಾಹ್ನ ಕಾಲೇಜಿನ ಅಧ್ಯಕ್ಷರು ಕರೆಸಿದರು. "ಮೇಡಂ, ಯಾಕ ಫಿಕರ್ ಮಾಡ್ತೀರಿ? ನಮ್ಮ ಅಳಿಯ, ಅವನ ತಮ್ಮ, ಇನ್ನೊಂದಿಬ್ರು, ಹೆಸರಿಗೆ ಕುಂದರಸ್ರಿ. ಐದು ಮಂದಿ ಆಗ್ಯಾರ ಅಂದ್ರ ಉಳದವರು ಓಡಿ ಬರ್ತಾರ. ಇದನ್ನ ನೀವೇ ಹೇಳೀರಲ್ರಿ ಭಾಷಣದಾಗ!" ನನ್ನ ಭಾಷಣದಲ್ಲಿ ಆ ಮಹಾನುಭಾವರು ನಿದ್ದೆ ಮಾಡದೆ ಕೇಳಿದ್ದು ಅದೊಂದೇ ಮಾತು.

ಮೈ ಉರಿದುಹೋಯಿತು. ಯಾಕೆಂದರೆ ಅವರು ಹೇಳಿದ್ದು ಖರೆ. ಸುಳ್ಳು ಕೆಲಸ ಮಾಡುತ್ತದೆ ಎಂದು ಇಡೀ ಜಿಲ್ಲೆಯಲ್ಲಿ ನನಗಿಂತ ಚೆನ್ನಾಗಿ ಬಲ್ಲವರು ಯಾರು? ಆದರೆ ಟಂಟಂ ಹೊರಡದಿದ್ದರೆ ಒಂದು ಸಂಜೆ ಹಾಳು. ಇಲ್ಲಿ ಸುಳ್ಳನ್ನು ನಂಬಿ ನಾಲ್ಕು ಮಂದಿ ಬಂದು ಕೂತು, ಹತ್ತು ತುಂಬದೆ ಹೋದರೆ, ಅಷ್ಟೂ ಮಕ್ಕಳ ವರ್ಷ ಹೋಗುತ್ತದೆ. "ಆಗಂಗಿಲ್ರಿ" ಅಂದೆ. "ಹಂಗಾರ ನಿಮ್ಮ ಕೋರ್ಸು, ನಿಮ್ಮ ಹಣೆಬರಹ" ಅಂದರು. ಜಗಳವಾಡುವಷ್ಟು ಕಸುವೂ ನನ್ನಲ್ಲಿ ಉಳಿದಿರಲಿಲ್ಲ, ಎದ್ದು ಬಂದೆ.

ಕಲಬುರಗಿಯ ಸೀಟಿಗೆ ಸೇರಲು ಕೊನೆಯ ದಿನ ನಮ್ಮ ಕೊನೆಯ ದಿನಕ್ಕಿಂತ ಮುಂಚೆಯೇ ಇತ್ತು; ಅದು ದಾಟಿ ನಮ್ಮ ಕೋರ್ಸೂ ರದ್ದಾದರೆ ಅವಳು ಆ ವರ್ಷ ಮನೆಯಲ್ಲೇ. ಅದರ ಹಿಂದಿನ ದಿನ ಮುಂಜಾನೆ ನನಗೆ ಆಳಂದದ ಡ್ರೈವರ್ ನೆನಪಾದ. ಹೊತ್ತು ಇಳಿಯುತ್ತಾ ಬಂದು, ಗಾಡಿ ತುಂಬುವ ಆಸೆ ಬಿಟ್ಟಮೇಲೆ ಅವನು ಮಾಡುತ್ತಿದ್ದುದು ಒಂದೇ ಕೆಲಸ. ಹೊರಡುವ ಬೇರೆ ಯಾವುದಾದರೂ ಗಾಡಿಗೆ ಕೈ ಅಡ್ಡ ಹಾಕಿ, "ಏ ತಡಿಯಪ್ಪಾ, ಹೆಣ್ಮಗಳು ಅದಾಳ" ಎಂದು ನಿಲ್ಲಿಸಿ, ನನ್ನ ಚೀಲ ತಾನೇ ಎತ್ತಿಕೊಡುತ್ತಿದ್ದ. ಆ ಸ್ಟ್ಯಾಂಡಿನ ಡ್ರೈವರುಗಳೆಲ್ಲ ಹಾಗೇ ಮಾಡುತ್ತಿದ್ದರು. ನಾನು ಇಳಿದರೆ ತನ್ನ ಗಾಡಿಗೆ ಆಮೇಲೆ ಯಾರೂ ಹತ್ತುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಇದನ್ನು ನಾನು ಯಾವ ಪ್ರಬಂಧದಲ್ಲೂ ಬರೆದಿಲ್ಲ.

ಫೋನ್ ಮಾಡಿ ಸೊನ್ನದ ಹುಡುಗಿಯನ್ನು ಕರೆಸಿದೆ. ಸೇರುವಾಗ ಕಾಲೇಜಿಗೆ ಕೊಟ್ಟಿದ್ದ ಅವಳ ಅಂಕಪಟ್ಟಿಗಳನ್ನೆಲ್ಲ ತೆಗೆದು ಮೇಜಿನ ಮೇಲಿಟ್ಟೆ.

"ಇವನ್ನ ತಗೊಂಡು ಇವತ್ತೇ ಕಲಬುರಗಿಗೆ ಹೋಗವ್ವಾ. ಅಲ್ಲಿ ಸೇರು."

"ಇನ್ನೂ ದಿನ ಅವಲ್ರಿ ಮೇಡಂ. ಬರ್ತಾರ್ರಿ ಮಂದಿ."

"ಬರಂಗಿಲ್ಲ."

"ನಾ ಇಳದ್ರ ಖರೇನೇ ಬರಂಗಿಲ್ರಿ. ನಿಮಗ ಗೊತ್ತದ." ಅವಳ ಕಣ್ಣು ತುಂಬಿತ್ತು, ದನಿ ಮಾತ್ರ ಸಿಟ್ಟಿನದು. "ಬಾ ಅಂದಾಕೀನೂ ನೀವೇ, ಇಳಸಾಕೀನೂ ನೀವೇ ಏನ್ರಿ?"

"ಹೌದು, ನಾನೇ. ಇಳಿ." ಗಟ್ಟಿಯಾಗಿಯೇ ಅಂದೆ. ಮೆತ್ತಗೆ ಅಂದಿದ್ದರೆ ಅವಳು ಕೂತುಬಿಡುತ್ತಿದ್ದಳು, ನಾನು ಸುಮ್ಮನಿದ್ದುಬಿಡುತ್ತಿದ್ದೆ. ಅವಳು ನನಗೆ ಬೇಕಾಗಿದ್ದಳು, ಅಷ್ಟು ಬೇಕಾಗಿದ್ದಳು.

ಆಗಲೇ ಫೋನು ಬಂತು. ಆಳಂದದ ಅದೇ ತಂದೆ, ಎಷ್ಟನೆಯ ಸಲವೋ. ಆತನದು ಗಟ್ಟಿ ಗಂಟಲು, ಕೋಣೆಗೆಲ್ಲ ಕೇಳುತ್ತಿತ್ತು. "ಎಷ್ಟ ಮಂದಿ ಆಗ್ಯಾರ್ರಿ ಮೇಡಂ?"

ಅವಳು ಅಂಕಪಟ್ಟಿಗಳನ್ನು ಚೀಲಕ್ಕೆ ಹಾಕುತ್ತಿದ್ದವಳು ಕೈ ನಿಲ್ಲಿಸಿ ನನ್ನನ್ನೇ ನೋಡಿದಳು. ಒಬ್ಬಾಕಿ ಅನ್ನುತ್ತೇನೆ ಎಂದುಕೊಂಡಿದ್ದಳೇನೋ. ದಿನವೂ ಅದನ್ನೇ ಹೇಳಿ ಹೇಳಿ ನನ್ನ ಬಾಯಿಗೂ ಅದೇ ಬಂದಿತ್ತು, ನುಂಗಿಕೊಂಡೆ.

"ಯಾರೂ ಇಲ್ರಿ" ಅಂದೆ.

ಆಕೆ ಚೀಲದ ಬಾಯಿ ಕಟ್ಟಿ, ಬಾಗಿಲು ದಾಟಿ ಹೋದಳು. ಆ ಕಡೆ ಆತ ಇನ್ನೂ ಮಾತಾಡುತ್ತಿದ್ದ. "ಹೌದೇನ್ರಿ? ಹಂಗಾರ ಒಬ್ಬರಾದ್ರೂ ಆಗ್ಲಿರಿ, ಆಮ್ಯಾಲ ನಾವು ಬರ್ತೀವಿ."