ಬೆಟ್ಟದ ತುದಿಯ ಬಿಳಿ ಗುಮ್ಮಟ

ದೂರದ ಬೆಟ್ಟವೊಂದರ ಮೇಲೆ ನಕ್ಷತ್ರ ನೋಡುವ ದೊಡ್ಡ ದುರ್ಬೀನಿದೆ. ಅಲ್ಲಿ ನನ್ನ ಮೊಮ್ಮಗಳಿಗೆ ಕೆಲಸ ಸಿಕ್ಕಿತು. ಜಾಗ ಕಣ್ಣಿಗೆ ಕಾಣದೆ ಕಳಿಸುವುದಿಲ್ಲ ಎಂದು ಅವಳ ತಾಯಿ, ನನ್ನ ಸೊಸೆ, ಹಟ ಹಿಡಿದಳು. ನಮ್ಮೂರು ಗುಬ್ಬಿಯಿಂದ ನೆಂಟರ ಮದುವೆಗೆ ಹೋಗುವಾಗ ಆ ಬೆಟ್ಟ ದಾರಿಯಲ್ಲೇ ಸಿಗುತ್ತಿತ್ತು. ಸೊಸೆ ಮನೆಯಲ್ಲೇ ಉಳಿದಳು; ಕಾರು ಓಡಿಸುವವಳು ಮೊಮ್ಮಗಳು, ಸೊಸೆಗೆ ತೋರಿಸಲು ಫೋಟೋ ತೆಗೆಯುವ ಕೆಲಸ ನನ್ನದು.

ದುರ್ಬೀನೆಂದರೆ ಉದ್ದನೆಯ ಕೊಳವೆ ಎಂದುಕೊಂಡಿದ್ದೆ. ತಿರುವಿನಲ್ಲಿ ಬಿಳಿ ಗುಮ್ಮಟ ಕಂಡದ್ದೇ ಯಾರೋ ವಲಿಗಳ ದರ್ಗಾ ಎಂದು ಫೋನು ಮಡಿಲಿಗೆ ಹಾಕಿ, ಸೆರಗು ತಲೆಗೆಳೆದು ಸಲಾಮು ಮಾಡಿದೆ.

"ದಾದಿ, ಅದು ದರ್ಗಾ ಅಲ್ಲ, ನಮ್ ದುರ್ಬೀನು ಇರೋದೇ ಅದ್ರೊಳಗೆ. ಫೋಟೋ ತೆಗೀರಿ ಅಂದ್ರೆ ದುವಾ ಮಾಡ್ತಾ ಕೂತಿದೀರಲ್ಲ," ಎಂದು ನಗುತ್ತಾ ಮೊಮ್ಮಗಳು ಕಾರು ನಿಲ್ಲಿಸಿದಳು.

ಇಳಿದು ನೋಡಿದೆ. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು. ನನ್ನ ಕೈತುತ್ತು ಉಂಡ ಹುಡುಗಿ ಮೋಡದ ಪಕ್ಕ ನಿಂತು ಅಷ್ಟು ದೊಡ್ಡ ಆಕಾಶವನ್ನು ನೋಡುತ್ತಾಳೆಂದರೆ, ನನ್ನ ಸಂತೋಷಕ್ಕೆ ಎದೆಯಲ್ಲಿ ಜಾಗ ಸಾಲಲಿಲ್ಲ. ಫೋಟೋ ತೆಗೆದು ಸೊಸೆಗೆ ಕಳಿಸಿದೆ.

ಕೂಡಲೇ ಅವಳ ಫೋನು ಬಂತು. "ಬರೀ ಬೆಟ್ಟ ಕಾಣ್ತಿದೆಯಲ್ಲ ಅಮ್ಮಿ?"

"ಬೆರಳಲ್ಲಿ ದೊಡ್ಡದು ಮಾಡಿ ನೋಡೇ. ತುದೀಲಿ ಅಕ್ಕಿಕಾಳಷ್ಟು ಬೆಳ್ಳಗಿದೆಯಲ್ಲ, ಅದೇ."

"ಹ್ಞಾಂ, ಕಾಣ್ತು," ಎಂದಳು ಸೊಸೆ. ಆಮೇಲೆ ಕೇಳಿದಳು, "ಅಷ್ಟು ಮೇಲೆ ಚಳಿ ಇರುತ್ತಲ್ಲ, ಇವ್ಳಿಗೆ ಎಷ್ಟು ಸ್ವೆಟರ್ ಕಟ್ಟಿಡ್ಲಿ?"